ಕೋಳಿಗೆ ತತ್ತಿ ಇಡುವ ಗೂಡು ಮನೆಯಲ್ಲೇ ಮಾಡುವುದು: ಪ್ಲೈವುಡ್ಡೋ, ಬುಟ್ಟಿಯೋ, ಬಕೆಟ್ಟೋ?

ಹಿತ್ತಲಮನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಲ್ಲಿ ಐದು ಗಿರಿರಾಜ ಹೇಟೆ, ಮೂರು ಜವಾರಿ ಹೇಟೆ, ಒಂದು ಹುಂಜ ಇವೆ. ರಾತ್ರಿ ಮಲಗಲು ಹಳೇ ಬಚ್ಚಲ ಕೋಣೆ ಬಿಟ್ಟುಕೊಟ್ಟಿದ್ದೇವೆ, ಅದಕ್ಕೆ ಜಾಳಿಗೆ ಬಾಗಿಲು. ತೊಂದರೆ ಇರುವುದು ತತ್ತಿ ಇಡುವ ಜಾಗದ್ದು. ಒಂದು ಕೋಳಿ ಕಟ್ಟಿಗೆ ಒಟ್ಟಿದ ಸಂದಿಯಲ್ಲಿ ಇಡುತ್ತದೆ, ಇನ್ನೊಂದು ಅರಿಶಿನ ಗಿಡದ ಬುಡದಲ್ಲಿ, ಮತ್ತೊಂದು ನಮ್ಮ ಮನೆಯವರ ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ. ಅರ್ಧ ತತ್ತಿ ನಮಗಿಂತ ಮೊದಲು ಮುಂಗುಸಿಗೆ ಸಿಗುತ್ತವೆ.

ಪೇಟೆಯಲ್ಲಿ ತಗಡಿನ ಗೂಡಿನ ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ. ಮನೆಯಲ್ಲೇ ಮಾಡಬೇಕು. ಎಷ್ಟು ಗೂಡು ಬೇಕು? ಯಾವ ಅಳತೆ? ಒಳಗೆ ಏನು ಹಾಸಬೇಕು? ಗರಗಸ, ಸುತ್ತಿಗೆ ನಮ್ಮಲ್ಲೇ ಇವೆ. ಡ್ರಿಲ್ ಮೈದುನನ ಹತ್ತಿರ ಇದೆ, ಅವನು ಕೊಟ್ಟರೆ.

ಕಟ್ಟಿಗೆ ಕೆಲಸ, ಹಾವೇರಿ

ಅಕ್ಕಾರೆ, ಎಂಟು ಹೇಟೆಗೆ ಎರಡು ಖಾನೆ ಸಾಕು. ನಾಲ್ಕೈದು ಕೋಳಿಗೆ ಒಂದು ಖಾನೆ ಅನ್ನುವುದು ಎಲ್ಲರೂ ಹಿಡಿಯುವ ಲೆಕ್ಕ. ಜಾಸ್ತಿ ಮಾಡಿದರೆ ಖಾಲಿ ಬೀಳುತ್ತವೆ, ಅವುಗಳಲ್ಲಿ ಇಲಿ ಮನೆ ಮಾಡುತ್ತದೆ.

ಜವಾರಿ ಕೋಳಿಗೆ 12 ಇಂಚು ಅಗಲ, 12 ಇಂಚು ಆಳ, 12 ಇಂಚು ಎತ್ತರ ಆದರೆ ಆಯಿತು. ನಿಮ್ಮಲ್ಲಿ ಗಿರಿರಾಜ ಇದೆ. ಮೈ ತುಂಬಿದ ಹೇಟೆ ಮೂರು ಕಿಲೋ ದಾಟುತ್ತದೆ. ಅದಕ್ಕೆ 14 ಇಂಚು ಹಿಡಿಯಿರಿ. ಅದಕ್ಕಿಂತ ದೊಡ್ಡದು ಮಾಡಬೇಡಿ, ಒಂದೇ ಖಾನೆಗೆ ಎರಡೆರಡು ಕೋಳಿ ಹೊಕ್ಕು ತುಳಿದಾಡಿ ತತ್ತಿ ಒಡೆಯುತ್ತವೆ.

12 ಎಂಎಂ ಪ್ಲೈ, 8 ಅಡಿಗೆ 4 ಅಡಿ ಶೀಟು ಒಂದು ತಂದರೆ ಹೀಗೆ ಕೊಯ್ಯಬಹುದು. ಹಿಂದಿನ ಹಲಗೆ 29.5 ಇಂಚು ಉದ್ದ, 28 ಇಂಚು ಎತ್ತರ. ತಳ 29.5ಕ್ಕೆ 14. ಪಕ್ಕದ ಹಲಗೆ ಎರಡು, ನಡುವಿನ ಗೋಡೆ ಒಂದು, ಮೂರೂ ಒಂದೇ ಆಕಾರ: ಆಳ 14, ಮುಂದೆ 14 ಎತ್ತರ, ಹಿಂದೆ 28 ಎತ್ತರ. ಎರಡು ಹಲಗೆಯನ್ನು ಒಂದಕ್ಕೊಂದು ತಿರುವು ಮುರುವು ಇಟ್ಟು ಗೆರೆ ಹೊಡೆದರೆ 42ಕ್ಕೆ 14ರ ಒಂದೇ ತುಂಡಿನಲ್ಲಿ ಎರಡೂ ಬರುತ್ತವೆ. ಮೇಲಿನ ಮುಚ್ಚಳ 31.5ಕ್ಕೆ 22. ಮುಂದಿನ ಅಡ್ಡಪಟ್ಟಿ 29.5ಕ್ಕೆ 5, ಹುಲ್ಲು ಮತ್ತು ತತ್ತಿ ಹೊರಗೆ ಉರುಳದ ಹಾಗೆ. ಇಷ್ಟಾದ ಮೇಲೂ ಶೀಟಿನಲ್ಲಿ ಸುಮಾರು ಮೂರನೇ ಒಂದು ಪಾಲು ಉಳಿಯುತ್ತದೆ. ಗರಗಸದ ಹಲ್ಲಿಗೆ ಹೋಗುವ ಅಂಚನ್ನು ಮರೆಯಬೇಡಿ, ಪ್ರತಿ ಕೊಯ್ತಕ್ಕೂ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಬಿಟ್ಟು ಗೆರೆ ಹಾಕಿ.

ಮೇಲಿನ ಮುಚ್ಚಳ ಅಷ್ಟು ಇಳಿಜಾರು ಯಾಕೆ ಅಂತ ಕೇಳುತ್ತೀರಿ. ಚಪ್ಪಟೆ ಇಟ್ಟರೆ ಕೋಳಿ ಅದರ ಮೇಲೆ ಮಲಗುತ್ತದೆ, ಬೆಳಗ್ಗೆ ಹಿಕ್ಕೆ ಕೆರೆಯುವ ಕೆಲಸ ನಿಮ್ಮದು. 45 ಡಿಗ್ರಿ ಇದ್ದರೆ ಕಾಲು ನಿಲ್ಲುವುದಿಲ್ಲ. ಮುಚ್ಚಳಕ್ಕೆ ಮೇಲ್ಗಡೆ ಎರಡು ಬಿಜಾಗರಿ ಹಾಕಿದರೆ ಎತ್ತಿ ತೊಳೆಯಬಹುದು. ಮೊಳೆ ಬೇಡ, ಸ್ಕ್ರೂ ಹಾಕಿ. ನಾಳೆ ಬಿಚ್ಚಬೇಕಾಗುತ್ತದೆ.

ಜವಾರಿ ಬದುಕು, ಗದಗ

ಅಷ್ಟೆಲ್ಲ ಇಂಚಿನ ಲೆಕ್ಕ ಯಾಕ್ರಿ! ನಮ್ಮ ಅತ್ತೆಯವರು ಮೇದಾರರ ಹತ್ತಿರ ಬಿದಿರಿನ ಬುಟ್ಟಿ ತರಿಸಿ, ತಳಕ್ಕೆ ಒಂದು ಹಿಡಿ ಒಲೆಯ ಬೂದಿ ಹಾಕಿ, ಮೇಲೆ ಹುಲ್ಲು ಹಾಸಿ, ದನದ ಕೊಟ್ಟಿಗೆಯ ಮೂಲೆಯಲ್ಲಿ ಇಡುತ್ತಿದ್ದರು. ಕೋಳಿ ತಾನಾಗಿ ಬಂದು ಕೂಡುತ್ತಿತ್ತು. ಬಾಯಿ ಒಡೆದ ಗಡಿಗೆಯನ್ನು ಅಡ್ಡ ಮಲಗಿಸಿ ಅರ್ಧ ಮಣ್ಣಲ್ಲಿ ಹುಗಿದರೂ ನಡೆಯುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ. ಆಗ ಮಣ್ಣಿನ ಗಡಿಗೆಯಷ್ಟು ತಂಪು ನಿಮ್ಮ ಪ್ಲೈವುಡ್ಡಿಗೆ ಬರುವುದಿಲ್ಲ.

ಗೂಡಿನಲ್ಲಿ ಯಾವಾಗಲೂ ಒಂದು ತತ್ತಿ ಬಿಟ್ಟು ಉಳಿದದ್ದು ತೆಗೆಯಬೇಕು. ಪೂರ್ತಿ ಖಾಲಿ ಮಾಡಿದರೆ ಜವಾರಿ ಕೋಳಿ ಬೇರೆ ಜಾಗ ಹುಡುಕುತ್ತದೆ.

ಕಟ್ಟಿಗೆ ಕೆಲಸ, ಹಾವೇರಿ

ಬುಟ್ಟಿ ತಪ್ಪು ಅಂತ ನಾನು ಹೇಳಲಿಲ್ಲ ಅಕ್ಕಾರೆ. ಆದರೆ ಬುಟ್ಟಿಯ ಹೆಣಿಗೆಯಲ್ಲಿ ಹೇನು ಹೊಕ್ಕರೆ ಹೇಗೆ ತೆಗೆಯುತ್ತೀರಿ?

ಜವಾರಿ ಬದುಕು, ಗದಗ

ಒಲೆಗೆ ಹಾಕಿ ಹೊಸ ಬುಟ್ಟಿ ತರುತ್ತೇವೆ. ಅದೇ ಅದರ ಸುಖ.

ನಿವೃತ್ತ ಪಶುವೈದ್ಯ

ಇಬ್ಬರದೂ ಸರಿ ಇದೆ. ಗೂಡು ಯಾವುದರದ್ದಾದರೂ ಇರಲಿ, ಕೋಳಿ ನೋಡುವುದು ಬೇರೆಯದನ್ನೇ. ಅದಕ್ಕೆ ಮಂಕು ಬೆಳಕು ಬೇಕು, ಮೂರು ಕಡೆ ಮರೆ ಬೇಕು, ಮೆತ್ತಗಿನ ಹಾಸು ಬೇಕು, ಜನ ನಾಯಿ ಓಡಾಡದ ಜಾಗ ಬೇಕು. ಸ್ಕೂಟರಿನ ಕಾಲಿಡುವ ಜಾಗ ಯಾಕೆ ಹಿಡಿಸಿತು ನೋಡಿ: ಮುಂದೆ ಮರೆ, ಹಿಂದೆ ಸೀಟಿನ ಮರೆ, ಮೇಲೆ ಹ್ಯಾಂಡಲಿನ ನೆರಳು. ಮೆತ್ತಗಿನ ಹಾಸು ಒಂದು ಇಲ್ಲ ಅಷ್ಟೇ.

ಮಂಕು ಬೆಳಕಿಗೆ ಇನ್ನೊಂದು ಕಾರಣ ಇದೆ. ತತ್ತಿ ಇಡುವಾಗ ಕೋಳಿಯ ಹಿಂಭಾಗ ಸ್ವಲ್ಪ ಹೊತ್ತು ಹೊರಗೆ ಹೊರಳಿ ಕೆಂಪಗೆ ಕಾಣುತ್ತದೆ. ಬೆಳಕಿದ್ದರೆ ಬೇರೆ ಕೋಳಿಗಳು ಅದನ್ನು ಕುಟುಕುತ್ತವೆ. ರಕ್ತ ಬಂದರೆ ಮುಗಿಯಿತು, ಇಡೀ ಗುಂಪು ಬೆನ್ನು ಹತ್ತುತ್ತದೆ. ಖಾನೆಯ ಬಾಯಿಗೆ ಗೋಣಿ ತಟ್ಟಿನ ಪರದೆ ಇಳಿಬಿಡಿ. ಎರಡು ಇಂಚು ಅಗಲದ ಪಟ್ಟಿಗಳಾಗಿ ಸೀಳಿಬಿಟ್ಟರೆ ಕೋಳಿ ಸಲೀಸಾಗಿ ನುಗ್ಗುತ್ತದೆ. ಅಂಚಿನ ನೂಲು ಮಾತ್ರ ಕತ್ತರಿಸಿ, ಕಾಲಿಗೆ ಸುತ್ತಿಕೊಳ್ಳುತ್ತದೆ.

ಗೂಡು ಎಷ್ಟು ಎತ್ತರದಲ್ಲಿ ಇರಬೇಕು ಅಂತ ಯಾರೂ ಹೇಳಲಿಲ್ಲ. ಮಲಗುವ ಗಳಕ್ಕಿಂತ ಗೂಡು ಕೆಳಗೆ ಇರಲೇಬೇಕು. ಕೋಳಿ ರಾತ್ರಿ ಇದ್ದುದರಲ್ಲಿ ಎತ್ತರದ ಜಾಗ ಹುಡುಕುತ್ತದೆ. ಗೂಡು ಮೇಲಿದ್ದರೆ ಗೂಡಿನಲ್ಲೇ ಮಲಗುತ್ತದೆ, ಅಲ್ಲೇ ಹಿಕ್ಕೆ ಹಾಕುತ್ತದೆ. ಎಲ್ಲರೂ ಒಂದೂವರೆ ಅಡಿ, ಎರಡು ಅಡಿ ಎತ್ತರ ಅನ್ನುತ್ತಾರೆ. ಗಿರಿರಾಜಕ್ಕೆ ನಾನು ಒಂದು ಅಡಿ ಸಾಕು ಅನ್ನುತ್ತೇನೆ. ಭಾರದ ಕೋಳಿ ಎತ್ತರದಿಂದ ಗಟ್ಟಿ ನೆಲಕ್ಕೆ ಹಾರಿದರೆ ಅಂಗಾಲಿಗೆ ಪೆಟ್ಟಾಗಿ ಬಾವು ಬರುತ್ತದೆ. ನಿಮ್ಮ ಬಚ್ಚಲ ನೆಲ ಕಲ್ಲಿನದೇ ಅಲ್ವಾ? ಅಲ್ಲಿ ಹೊಟ್ಟು ದಪ್ಪಗೆ ಹಾಸಿ.

ತಾರಿಹಾಳ ವೆಲ್ಡಿಂಗ್, ಹುಬ್ಬಳ್ಳಿ

ನಾನು ಕಬ್ಬಿಣದ ಕೆಲಸದವನು, ಆದರೂ ಗೂಡಿಗೆ ತಗಡು ಬೇಡ ಅಂತಲೇ ಹೇಳುತ್ತೇನೆ. ಒಳಗೆ ನೆರಳಲ್ಲಿ ಇಟ್ಟರೆ ಪರವಾಗಿಲ್ಲ, ಬಿಸಿಲು ಬೀಳುವ ಕಡೆ ಇಟ್ಟರೆ ಮಧ್ಯಾಹ್ನ ಒಳಗೆ ಕೈ ಇಡಲಾಗುವುದಿಲ್ಲ.

ಖರ್ಚು ಕಡಿಮೆ ಆಗಬೇಕು ಅಂದರೆ ಪೇಂಟಿನ 20 ಲೀಟರ್ ಬಕೆಟ್ ನೋಡಿ. ಬಾಯಿಯ ಅಗಲ ಸುಮಾರು 12 ಇಂಚು ಇರುತ್ತದೆ. ಜವಾರಿ ಕೋಳಿಗೆ ಹೇಳಿ ಮಾಡಿಸಿದ ಹಾಗೆ. ಅಡ್ಡ ಮಲಗಿಸಿ, ಮುಚ್ಚಳವನ್ನು ಅರ್ಧಕ್ಕಿಂತ ಸ್ವಲ್ಪ ಕಡಿಮೆ ಕೊಯ್ದು ಕೆಳಭಾಗಕ್ಕೆ ಕೂಡಿಸಿದರೆ ಅದೇ ಅಡ್ಡಪಟ್ಟಿ. ಕೊಯ್ದ ಅಂಚು ಹರಿತ ಇರುತ್ತದೆ, ಉಪ್ಪುಕಾಗದದಿಂದ ತಿಕ್ಕಿ. ಹಿಂದೆ ಮೇಲ್ಗಡೆ ಗಾಳಿಗೆ ನಾಲ್ಕಾರು ತೂತು. ಬಕೆಟ್ ಉರುಳದಂತೆ ಎರಡು ಕಟ್ಟಿಗೆ ಪಟ್ಟಿಗಳ ನಡುವೆ ಕೂಡಿಸಿ ಒಳಗಿನಿಂದ ಸ್ಕ್ರೂ, ವಾಷರ್ ಹಾಕಿ ಬಿಗಿಯಿರಿ. ನೀರಿನ ಡಿಸ್ಟೆಂಪರ್ ಇದ್ದ ಬಕೆಟ್ ಆದರೆ ಒಣಗಿದ ಮೇಲೆ ಸಿಪ್ಪೆ ಹಾಗೆ ಕಿತ್ತು ಬರುತ್ತದೆ. ಎಣ್ಣೆ ಪೇಂಟು, ಔಷಧಿ ಇದ್ದ ಡಬ್ಬಿ ಯಾವುದೂ ಬೇಡ.

ಎಣ್ಣೆಯ 15 ಕಿಲೋ ಡಬ್ಬಿ ಅನೇಕರು ಬಳಸುತ್ತಾರೆ. ಅದರ ಬಾಯಿ 9 ಇಂಚು ಚಿಲ್ಲರೆ ಅಷ್ಟೇ. ಕೋಳಿ ಹೊಕ್ಕರೂ ಒಳಗೆ ತಿರುಗಲು ಆಗುವುದಿಲ್ಲ.

ಮಾವಿನ ಪೆಟ್ಟಿಗೆ, ಹಾನಗಲ್

ನಮ್ಮ ಕಡೆ ಸೀಸನ್ ಮುಗಿದ ಮೇಲೆ ಮಾವಿನಹಣ್ಣಿನ ಪೆಟ್ಟಿಗೆಗಳು ರಾಶಿ ಬಿದ್ದಿರುತ್ತವೆ. ಪಟ್ಟಿ ತೆಳು, ಮೊಳೆ ಹೊರಗೆ ಚಾಚಿರುತ್ತದೆ. ಎಲ್ಲ ಮೊಳೆ ಬಡಿದು ಮಡಚಿ, ಒಳಗೆ ಗೋಣಿ ಹಾಸಿ ಬಳಸುತ್ತೇವೆ. ಒಂದು ವರ್ಷ ಬರುತ್ತದೆ. ಮರುವರ್ಷ ಮತ್ತೆ ಮಾವು ಬರುತ್ತದೆ, ಮತ್ತೆ ಪೆಟ್ಟಿಗೆ.

ಕಾರ್ಖಾನೆಗಳ ಹೊರಗೆ ಬಿದ್ದಿರುವ ಪ್ಯಾಲೆಟ್ ಕಟ್ಟಿಗೆ ಹೇಗೆ? ಹುಬ್ಬಳ್ಳಿಯವರು ಹೇಳಬೇಕು.

ತಾರಿಹಾಳ ವೆಲ್ಡಿಂಗ್, ಹುಬ್ಬಳ್ಳಿ

ಕೇಳಿ ತಗೊಂಡರೆ ಒಳ್ಳೆಯ ಕಟ್ಟಿಗೆ. ಹೊರದೇಶಕ್ಕೆ ಹೋಗಿ ಬರುವ ಪ್ಯಾಲೆಟ್ ಮೇಲೆ ಸುಟ್ಟ ಮುದ್ರೆ ಇರುತ್ತದೆ, ಅದನ್ನು ನೋಡಿ. ‘ಎಚ್‌ಟಿ’ ಅಂತ ಇದ್ದರೆ ಕಟ್ಟಿಗೆಯ ಒಳತಿರುಳು 56 ಡಿಗ್ರಿ ಮುಟ್ಟುವ ಹಾಗೆ 30 ನಿಮಿಷ ಕಾಯಿಸಿದ್ದಾರೆ ಅಂತ. ಅದನ್ನು ಧೈರ್ಯವಾಗಿ ಬಳಸಿ. ‘ಎಂಬಿ’ ಅಂತ ಇದ್ದರೆ ಮಿಥೈಲ್ ಬ್ರೋಮೈಡ್ ಅನ್ನುವ ವಿಷಗಾಳಿ ಹಾಯಿಸಿದ್ದು. ಅದು ಕೋಳಿಗೂ ಬೇಡ, ಒಲೆಗೂ ಬೇಡ. ಎಣ್ಣೆ, ಬಣ್ಣ ಚೆಲ್ಲಿ ಕಲೆಯಾದದ್ದೂ ಬೇಡ.

ಮೂರನೇ ಮಹಡಿ, ವಿದ್ಯಾನಗರ

ನನ್ನ ಸಲಹೆ ಎಲ್ಲಕ್ಕಿಂತ ಅಗ್ಗ. ಮೊದಲು ರಟ್ಟಿನ ಡಬ್ಬ ಇಡಿ. ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಬಚ್ಚಲಲ್ಲಿ ಎರಡು ಮೂರು ಮೂಲೆಗಳಲ್ಲಿ ಒಂದೊಂದು ಇಟ್ಟು ನೋಡಿ. ಯಾವ ಮೂಲೆಯಲ್ಲಿ ತತ್ತಿ ಬೀಳುತ್ತದೋ ಆ ಮೂಲೆಗೆ ಪ್ಲೈವುಡ್ ಪೆಟ್ಟಿಗೆ ಕೊಯ್ಯಿರಿ. ಜಾಗ ಗೊತ್ತಾಗುವ ಮೊದಲೇ ಶೀಟು ಕೊಯ್ದರೆ ಕೊನೆಗೆ ಅದು ಬಟ್ಟೆ ಇಡುವ ಕಪಾಟು ಆಗುತ್ತದೆ.

ರಟ್ಟು ಒದ್ದೆಯಾದರೆ ಬಿಸಾಕುವುದು, ಹೊಸದು ಇಡುವುದು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮಾತ್ರ ಅದು ಬಾಳುವುದಿಲ್ಲ.

ಹಿತ್ತಲಮನಿ, ಧಾರವಾಡ

ಅಬ್ಬಾ, ಇಷ್ಟು ಉತ್ತರ ಬರುತ್ತವೆ ಅಂದುಕೊಂಡಿರಲಿಲ್ಲ. ರಟ್ಟಿನ ಡಬ್ಬದ ಉಪಾಯ ಮನಸ್ಸಿಗೆ ಬಂತು, ಇವತ್ತೇ ಇಡುತ್ತೇನೆ. ಹಾಸಲು ಏನು ಒಳ್ಳೆಯದು? ನಮಗೆ ಕಲಘಟಗಿ ಕಡೆಯಿಂದ ಭತ್ತದ ಹುಲ್ಲು ಸಿಗುತ್ತದೆ. ತವರಿನಲ್ಲಿ ಶೇಂಗಾ ಹೊಟ್ಟು ಬೇಕಾದಷ್ಟಿದೆ.

ಬೆಟಗೇರಿ ಓಣಿ

ನಮ್ಮಲ್ಲಿ ಮಗ್ಗದ ನೂಲಿನ ತುಂಡುಗಳು ಬಹಳ ಉಳಿಯುತ್ತವೆ. ಮೆತ್ತಗೆ ಇರುತ್ತವೆ. ಅದನ್ನು ಹಾಸಬಹುದಾ?

ನಿವೃತ್ತ ಪಶುವೈದ್ಯ

ನೂಲು ಬೇಡವೇ ಬೇಡ. ಬೆರಳಿಗೆ ಸುತ್ತಿಕೊಂಡರೆ ರಕ್ತ ನಿಂತು ಬೆರಳೇ ಉದುರಬಹುದು. ನುಂಗಿದರೆ ಕೊರಳ ಚೀಲದಲ್ಲಿ ಉಂಡೆ ಕಟ್ಟುತ್ತದೆ.

ಭತ್ತದ ಹುಲ್ಲು ಒಳ್ಳೆಯದು, ಗೇಣುದ್ದ ಕತ್ತರಿಸಿ ಹಾಕಿ. ನಾಲ್ಕು ಇಂಚು ದಪ್ಪ ಇರಲಿ. ಕೋಳಿ ತಾನೇ ತಿರುಗಿ ತಿರುಗಿ ಗುಣಿ ಮಾಡಿಕೊಳ್ಳುತ್ತದೆ. ಗೋದಿ ಹುಲ್ಲೂ ಸರಿ. ಜೋಳದ ಕಣಕಿ ಗೂಡಿಗೆ ಬಿರುಸು, ದಂಟು ಚುಚ್ಚುತ್ತದೆ. ಎಲೆ ಮಾತ್ರ ಬಿಡಿಸಿ ಹಾಕಬಹುದು, ಅಷ್ಟು ಪುರುಸೊತ್ತಿದ್ದರೆ. ಬಡಿಗರ ಹತ್ತಿರ ರಂದಾ ಹೊಡೆದ ಸುರುಳಿ ಸಿಕ್ಕರೆ ಬಹಳ ಚೊಲೊ. ಗರಗಸದ ಸಣ್ಣ ಪುಡಿ ಬೇಡ, ಧೂಳು ಉಸಿರಿಗೆ ಹೋಗುತ್ತದೆ.

ಶೇಂಗಾ ಹೊಟ್ಟಿನ ಬಗ್ಗೆ ಎಚ್ಚರ. ಒಣಗಿದ್ದರೆ ನೆಲಕ್ಕೆ ಹಾಸಬಹುದು. ತೇವ ಹಿಡಿದರೆ ಬೂಸ್ಟು ಬರುತ್ತದೆ. ಶೇಂಗಾಕ್ಕೆ ಬರುವ ಒಂದು ಜಾತಿಯ ಬೂಸ್ಟಿನಿಂದ ಅಫ್ಲಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ, ಕೋಳಿಯ ಲಿವರಿಗೆ ಕೆಟ್ಟದ್ದು. ಮಳೆಗಾಲದಲ್ಲಿ ಅದರ ತಂಟೆಗೇ ಹೋಗಬೇಡಿ.

ಜವಾರಿ ಬದುಕು, ಗದಗ

ಹುಲ್ಲಿನ ಕೆಳಗೆ ಬೇವಿನ ತಪ್ಪಲ ಒಂದು ಹಿಡಿ ಹಾಕಿ. ನಾವು ಹಾಕುತ್ತೇವೆ.

ಕಟ್ಟಿಗೆ ಕೆಲಸ, ಹಾವೇರಿ

ಹೇನಿನ ಮಾತು ಬಂತು, ಒಂದು ಕೇಳುತ್ತೇನೆ ಡಾಕ್ಟ್ರೆ. ಬೆಳಗ್ಗೆ ನೋಡಿದರೆ ಕೋಳಿ ಮೈಮೇಲೆ ಏನೂ ಇರುವುದಿಲ್ಲ. ಆದರೂ ಗೂಡಿಗೆ ಹೋಗಲು ಒಲ್ಲೆ ಅನ್ನುತ್ತವೆ, ಜುಟ್ಟು ಬಿಳುಚಿಕೊಳ್ಳುತ್ತದೆ. ಯಾಕೆ?

ನಿವೃತ್ತ ಪಶುವೈದ್ಯ

ಅದು ಹೇನಲ್ಲ, ಕೆಂಪು ನುಸಿ. ಹೇನು ಕೋಳಿಯ ಮೈಮೇಲೇ ಬದುಕುತ್ತದೆ, ಹಗಲಲ್ಲೂ ಕಾಣುತ್ತದೆ. ಕೆಂಪು ನುಸಿ ಹಗಲು ಹಲಗೆಯ ಸಂದಿಯಲ್ಲಿ ಅಡಗಿ, ರಾತ್ರಿ ಹೊರಬಂದು ರಕ್ತ ಹೀರಿ ಮತ್ತೆ ಸಂದಿಗೆ ಹೋಗುತ್ತದೆ. ಅದಕ್ಕೇ ಕೋಳಿಗೆ ಔಷಧಿ ಹೊಡೆದರೆ ಕೆಲಸ ಆಗುವುದಿಲ್ಲ, ಗೂಡಿಗೆ ಮಾಡಬೇಕು. ರಾತ್ರಿ ಬ್ಯಾಟರಿ ಹಿಡಿದು ಜೋಡಣೆಯ ಸಂದಿ ನೋಡಿ. ಬಿಳಿ ಬಟ್ಟೆಯಿಂದ ಒರೆಸಿದರೆ ಕೆಂಪು ಗೆರೆ ಬೀಳುತ್ತದೆ.

ಗೂಡನ್ನು ಹೊರಗೆ ತಂದು ಕುದಿಯುವ ನೀರು ಸುರಿಯಿರಿ, ಸಂದಿಗಳಿಗೆ ಬೀಳುವ ಹಾಗೆ. ಬಿಸಿಲಲ್ಲಿ ಒಣಗಿಸಿ. ಆಮೇಲೆ ಗಟ್ಟಿ ಸುಣ್ಣ ಹಚ್ಚಿ, ಸಂದಿ ಮುಚ್ಚುತ್ತದೆ. ಒಂದು ವಾರ ಬಿಟ್ಟು ಇನ್ನೊಮ್ಮೆ ಮಾಡಿ, ಮೊದಲ ಸಲ ಉಳಿದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ. ಗೋಡೆಗೆ ಗೂಡನ್ನು ಅಂಟಿಸಿ ಇಡಬೇಡಿ, ಎರಡು ಬೆರಳು ಜಾಗ ಬಿಡಿ. ಹಿತ್ತಲಲ್ಲಿ ಒಂದು ಗುಣಿ ತೋಡಿ ಒಣ ಮಣ್ಣು, ಒಲೆಯ ಬೂದಿ ಕಲಸಿ ಇಟ್ಟರೆ ಕೋಳಿ ತಾನೇ ಹೊರಳಾಡಿ ಮೈಯ ಹೇನು ಕಳೆದುಕೊಳ್ಳುತ್ತದೆ.

ಕಟ್ಟಿಗೆ ಕೆಲಸ, ಹಾವೇರಿ

ಹಾಗಾದರೆ ಪ್ಲೈ ಕೊಯ್ದ ಅಂಚುಗಳಿಗೆ ಮೊದಲೇ ಫೆವಿಕಾಲ್ ಬಳಿದು ಸಂದಿ ತುಂಬುವುದು ಮೇಲು. ಪ್ಲೈ ಅಂಚಿನ ಪದರಗಳಲ್ಲೇ ಬೇಕಾದಷ್ಟು ಸಂದಿ ಇರುತ್ತವೆ. ಈ ವಿಷಯದಲ್ಲಿ ಬಕೆಟ್ಟೇ ಗೆದ್ದಿತು ಅನ್ನಬೇಕು, ಅದರಲ್ಲಿ ಸಂದಿಯೇ ಇಲ್ಲ. ಬಡಿಗನಾಗಿ ಇದನ್ನು ಬರೆಯಲು ಬೇಜಾರು.

ಹಿತ್ತಲಮನಿ, ಧಾರವಾಡ

ರಟ್ಟಿನ ಡಬ್ಬದ ಸುದ್ದಿ: ಬಾಗಿಲ ಹಿಂದಿನ ಮೂಲೆ ಎಲ್ಲರಿಗೂ ಹಿಡಿಸಿದೆ. ಉಳಿದ ಡಬ್ಬಗಳ ಕಡೆ ತಿರುಗಿಯೂ ನೋಡುವುದಿಲ್ಲ. ಮೂರು ಕೋಳಿ ಸಾಲು ಹಚ್ಚಿ ನಿಂತು ಒಂದೇ ಡಬ್ಬಕ್ಕೆ ಜಗಳ. ಹೀಗಿದ್ದರೆ ಎರಡು ಖಾನೆ ಯಾಕೆ ಮಾಡಬೇಕು? ಇನ್ನೊಂದು, ಒಂದು ಜವಾರಿ ಹೇಟೆ ಇನ್ನೂ ಅರಿಶಿನ ಗಿಡ ಬಿಟ್ಟಿಲ್ಲ.

ಮೂರನೇ ಮಹಡಿ, ವಿದ್ಯಾನಗರ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಹಾಗೆ. ಎರಡು ಇದ್ದರೂ ಎಲ್ಲರೂ ಒಂದರ ಮುಂದೇ ನಿಲ್ಲುವುದು.

ನಿವೃತ್ತ ಪಶುವೈದ್ಯ

ಎರಡೂ ಖಾನೆ ಮಾಡಿ, ಆದರೆ ಆ ಮೂಲೆಯಲ್ಲೇ ಪಕ್ಕಪಕ್ಕ. ಒಂದು ಕೋಳಿ ತತ್ತಿ ಇಟ್ಟ ಕಡೆ ಇನ್ನೊಂದು ಇಡಲು ಬಯಸುತ್ತದೆ, ಅಲ್ಲಿ ಸುರಕ್ಷಿತ ಅಂತ ಅದರ ಲೆಕ್ಕ. ಸಾಲು ಉದ್ದವಾದರೆ ಕೆಲವು ತಡೆಯಲಾರದೆ ನೆಲಕ್ಕೇ ಇಡುತ್ತವೆ.

ಖಾಲಿ ಖಾನೆಯಲ್ಲಿ ಸುಳ್ಳು ತತ್ತಿ ಇಡಿ. ಕಟ್ಟಿಗೆಯದು, ಕಲ್ಲಿನದು, ಗಾಲ್ಫ್ ಚೆಂಡು, ಯಾವುದಾದರೂ ನಡೆಯುತ್ತದೆ. ಗದಗಿನ ಅಕ್ಕಾರು ಒಂದು ತತ್ತಿ ಬಿಡುವುದೂ ಇದಕ್ಕೇ. ಆದರೆ ನಿಜವಾದ ತತ್ತಿ ಬಿಟ್ಟರೆ ಒಡೆಯುವ ಅಪಾಯ. ಒಮ್ಮೆ ಒಡೆದ ತತ್ತಿಯ ರುಚಿ ಹತ್ತಿದರೆ ಕೋಳಿ ತಾನೇ ಕುಟುಕಿ ತಿನ್ನಲು ಕಲಿಯುತ್ತದೆ. ಆ ಚಟ ಬಿಡಿಸುವುದು ಬಹಳ ಕಷ್ಟ.

ಅರಿಶಿನ ಗಿಡದ ಕೋಳಿಗೆ ಒಂದು ವಾರ ಬೆಳಗ್ಗೆ ಹೊರಗೆ ಬಿಡಬೇಡಿ. ಹೆಚ್ಚಿನ ತತ್ತಿ ಬೆಳಗ್ಗೆ ಹನ್ನೊಂದರೊಳಗೆ ಬೀಳುತ್ತವೆ. ಅಷ್ಟು ಹೊತ್ತು ನೀರು, ಕಾಳು ಒಳಗೇ ಕೊಡಿ. ಕೆಲವು ದಿನ ಮಧ್ಯಾಹ್ನವೂ ಇಡುತ್ತದೆ, ಅದಕ್ಕೆ ಗಾಬರಿ ಬೇಡ. ಒಂದು ತತ್ತಿ ತಯಾರಾಗಲು 25, 26 ಗಂಟೆ ಬೇಕು. ಹಾಗಾಗಿ ದಿನದಿನಕ್ಕೆ ಹೊತ್ತು ಮುಂದೆ ಹೋಗುತ್ತದೆ, ಕೊನೆಗೆ ಒಂದು ದಿನ ಬಿಟ್ಟು ಮತ್ತೆ ಬೆಳಗ್ಗೆ ಶುರು. ಆ ಗಿಡದ ಬುಡಕ್ಕೆ ಮುಳ್ಳಿನ ಟೊಂಗೆ ಹಾಕಿ.

ಜವಾರಿ ಬದುಕು, ಗದಗ

ತತ್ತಿ ತಿನ್ನುವ ಕೋಳಿಯನ್ನು ನಾವು ಸಾರಿಗೆ ಹಾಕುತ್ತೇವೆ. ಅದೇ ಔಷಧಿ.

ಮಾವಿನ ಪೆಟ್ಟಿಗೆ, ಹಾನಗಲ್

ಅದಕ್ಕಿಂತ ಮೊದಲು ಗೂಡಿನ ತಳವನ್ನು ಹಿಂದಕ್ಕೆ ಇಳಿಜಾರು ಮಾಡಿ ನೋಡಬಹುದು. ಅಡಿಗೆ ಒಂದೂವರೆ ಇಂಚು ಇಳಿಸಿ, ಹುಲ್ಲಿನ ಬದಲು ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಾಕಬೇಕು. ಹಿಂದಿನ ಹಲಗೆಯ ಕೆಳಗೆ ಮೂರು ಇಂಚು ಸಂದಿ, ಅದರಾಚೆ ಮುಚ್ಚಿದ ತೊಟ್ಟಿ. ತತ್ತಿ ಬಿದ್ದ ಕೂಡಲೇ ಉರುಳಿ ಆಚೆ ಹೋಗುತ್ತದೆ, ಕೋಳಿಗೆ ಕಾಣುವುದೇ ಇಲ್ಲ. ತೊಟ್ಟಿಗೆ ಸ್ಪಂಜು ಹಾಸದಿದ್ದರೆ ಮಾತ್ರ ತತ್ತಿಗೆ ತತ್ತಿ ಬಡಿದು ಸೀಳುತ್ತವೆ.

ಹಿತ್ತಲಮನಿ, ಧಾರವಾಡ

ಅದು ನನ್ನ ಕೈಗೆ ಮೀರಿದ್ದು ಅಣ್ಣಾರೆ. ಸದ್ಯಕ್ಕೆ ಸಾದಾ ಗೂಡೇ ಸಾಕು. ಮುಂಗುಸಿಗೆ ಏನು ಮಾಡಲಿ? ಗೂಡಿನ ಬಾಯಿಗೆ ಬಾಗಿಲು ಬೇಕಾ?

ತಾರಿಹಾಳ ವೆಲ್ಡಿಂಗ್, ಹುಬ್ಬಳ್ಳಿ

ಗೂಡಿಗೆ ಬೇಡ, ಕೋಣೆಗೆ ಭದ್ರ ಮಾಡಿ. ನಿಮ್ಮ ಬಾಗಿಲಿನ ಜಾಳಿಗೆ ಆರುಮೂಲೆಯ ತೆಳು ತಂತಿಯದಾ? ಅದು ಕೋಳಿಯನ್ನು ಒಳಗೆ ಇಡುತ್ತದೆ, ಬೇರೆಯವರನ್ನು ಹೊರಗೆ ಇಡುವುದಿಲ್ಲ. ನಾಯಿ ಎಳೆದರೆ ಹರಿಯುತ್ತದೆ, ಸಣ್ಣ ಹಾವು ತೂರುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿ. ಬಚ್ಚಲ ನೀರು ಹೋಗುವ ತೂತು ಮರೆಯಬೇಡಿ, ಹೆಗ್ಗಣದ ಹೆದ್ದಾರಿ ಅದೇ. ಅದಕ್ಕೂ ಒಂದು ತುಂಡು ಮೆಶ್ ಮತ್ತು ಸಿಮೆಂಟು.

ಹಗಲು ಬಾಗಿಲು ತೆರೆದಿರುತ್ತದೆ, ಆಗ ಜಾಳಿಗೆಯಿಂದ ಏನೂ ಆಗುವುದಿಲ್ಲ. ದಿನಕ್ಕೆ ಎರಡು ಸಲ ತತ್ತಿ ತೆಗೆಯುವುದೊಂದೇ ದಾರಿ.

ಬೆಟಗೇರಿ ಓಣಿ

ತೆಗೆದ ತತ್ತಿ ತೊಳೆದು ಇಡಬೇಕಾ? ನಮ್ಮ ಮನೆಯಲ್ಲಿ ಇದೇ ದೊಡ್ಡ ವಾದ.

ನಿವೃತ್ತ ಪಶುವೈದ್ಯ

ತೊಳೆಯಬೇಡಿ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ತೆಳು ಲೇಪ ಇರುತ್ತದೆ, ರೋಗಾಣು ಒಳಗೆ ಹೋಗದಂತೆ ಅದೇ ತಡೆಯುತ್ತದೆ. ನೀರು ಹಾಕಿ ತಿಕ್ಕಿದರೆ ಹೋಗಿಬಿಡುತ್ತದೆ. ಸ್ವಲ್ಪ ಕೊಳೆ ಇದ್ದರೆ ಒಣ ಬಟ್ಟೆಯಿಂದ ಒರೆಸಿ. ಜಾಸ್ತಿ ಹೊಲಸಾಗಿದ್ದರೆ ಬೇರೆ ಇಟ್ಟು, ಅಡುಗೆಗೆ ಮುಂಚೆ ತೊಳೆದು, ಅವತ್ತೇ ಪೂರ್ತಿ ಬೇಯಿಸಿ ತಿನ್ನಿ. ಚೂಪು ತುದಿ ಕೆಳಗೆ ಮಾಡಿ ಇಡಿ. ಪದೇಪದೇ ತತ್ತಿ ಹೊಲಸಾಗಿ ಬಂದರೆ ಹುಲ್ಲು ಬದಲಿಸುವ ಹೊತ್ತಾಗಿದೆ ಅಂತ, ಅಥವಾ ಯಾರೋ ರಾತ್ರಿ ಅಲ್ಲೇ ಮಲಗುತ್ತಿದ್ದಾರೆ ಅಂತ.

ಹಿತ್ತಲಮನಿ, ಧಾರವಾಡ

ಮೈದುನ ಡ್ರಿಲ್ ಕೊಟ್ಟ, ಜೊತೆಗೆ ತಾನೂ ಬಂದ. ಎರಡು ಖಾನೆಯ ಪೆಟ್ಟಿಗೆ ನಿಂತಿದೆ, ಪಕ್ಕದಲ್ಲಿ ಜವಾರಿಗಳಿಗೆ ಒಂದು ಬಕೆಟ್. ಗಿರಿರಾಜಗಳು ಪೆಟ್ಟಿಗೆಗೆ ಹೊಂದಿಕೊಂಡಿವೆ. ಆದರೆ ಒಂದು ಜವಾರಿ ಹೇಟೆ ಬಕೆಟ್ ಬಿಟ್ಟು ಪೆಟ್ಟಿಗೆಯ ಒಂದು ಖಾನೆಯಲ್ಲಿ ಕಾವಿಗೆ ಕೂತಿದೆ. ಕೈ ಹಾಕಿದರೆ ಕುಟುಕುತ್ತದೆ, ಎಬ್ಬಿಸಿದರೆ ಮತ್ತೆ ಬಂದು ಕೂಡುತ್ತದೆ. ಉಳಿದವುಗಳಿಗೆ ಜಾಗ ಇಲ್ಲ.

ಜವಾರಿ ಬದುಕು, ಗದಗ

ಒಳ್ಳೆಯದೇ ಆಯಿತಲ್ಲ! ಹುಂಜ ಇದೆ ಅಂದಿದ್ದಿರಿ. ಹತ್ತು ತತ್ತಿ ಇಟ್ಟು ಕೂಡಿಸಿ, 21 ದಿನಕ್ಕೆ ಮರಿ. ಗಿರಿರಾಜ ತತ್ತಿ ಇಟ್ಟರೂ ಅದೇ ಕಾವು ಕೊಡುತ್ತದೆ, ಅವು ತಾವಾಗಿ ಕೂಡುವುದು ಅಪರೂಪ. ದೊಡ್ಡ ತತ್ತಿ ಆದರೆ ಎಂಟೇ ಸಾಕು, ಹೊಟ್ಟೆಯ ಕೆಳಗೆ ಮುಚ್ಚಬೇಕಲ್ಲ.

ಬುಟ್ಟಿಗೆ ಬದಲಿಸಬೇಕು. ರಾತ್ರಿ ಕತ್ತಲಾದ ಮೇಲೆ ಎತ್ತಿ, ಬೇರೆ ಕಡೆ ಬುಟ್ಟಿಯಲ್ಲಿ ಸುಳ್ಳು ತತ್ತಿಯ ಮೇಲೆ ಕೂಡಿಸಿ, ಮೇಲೆ ಇನ್ನೊಂದು ಬುಟ್ಟಿ ಬೋರಲು ಹಾಕಿ. ಹಗಲು ಬದಲಿಸಿದರೆ ಹಳೇ ಜಾಗಕ್ಕೇ ಓಡುತ್ತದೆ. ಎರಡು ದಿನ ಗಟ್ಟಿಯಾಗಿ ಕೂತರೆ ನಿಜವಾದ ತತ್ತಿ ಇಡಿ, ಎಲ್ಲವನ್ನೂ ಒಂದೇ ದಿನ.

ಮೂರನೇ ಮಹಡಿ, ವಿದ್ಯಾನಗರ

ಮರಿ ಬೇಡ ಅನ್ನುವವರು ಏನು ಮಾಡಬೇಕು? ತಣ್ಣೀರಲ್ಲಿ ಮುಳುಗಿಸಿ ಅನ್ನುತ್ತಾರೆ, ಮೂಗಿಗೆ ರೆಕ್ಕೆಯ ಗರಿ ಚುಚ್ಚಿ ಅನ್ನುತ್ತಾರೆ. ನನಗೆ ಎರಡೂ ಮನಸ್ಸಿಗೆ ಬರುವುದಿಲ್ಲ.

ನಿವೃತ್ತ ಪಶುವೈದ್ಯ

ಎರಡೂ ಬೇಡ. ತಳಕ್ಕೂ ತಂತಿ ಜಾಳಿಗೆ ಇರುವ ಪಂಜರದಲ್ಲಿ ಹಾಕಿ, ನೆಲದಿಂದ ಎತ್ತರಕ್ಕೆ ಇಡಿ. ಹುಲ್ಲು ಹಾಕಬೇಡಿ. ಹೊಟ್ಟೆಯ ಕೆಳಗೆ ಗಾಳಿ ಆಡಿ ಕಾವು ಇಳಿಯುತ್ತದೆ. ನೀರು, ಆಹಾರ ಎಂದಿನಂತೆ ಕೊಡಿ. ಮೂರು ನಾಲ್ಕು ದಿನಕ್ಕೆ ಹೆಚ್ಚಿನವು ಬಿಡುತ್ತವೆ.

ಹಿತ್ತಲಮನಿ, ಧಾರವಾಡ

ಮಕ್ಕಳು ಮರಿ ಬೇಕೇ ಬೇಕು ಅಂತ ಹಟ ಹಿಡಿದಿದ್ದಾರೆ. ಬುಟ್ಟಿಗೆ ಬದಲಿಸುತ್ತೇನೆ ಅಕ್ಕಾರೆ. ಗದಗ ಕಡೆ ಮೇದಾರರ ಬುಟ್ಟಿ ಎಷ್ಟು ಅಗಲದ್ದು ತರುತ್ತೀರಿ?

ಜವಾರಿ ಬದುಕು, ಗದಗ

ಒಂದೂವರೆ ಗೇಣು ಅಗಲ, ಒಂದು ಗೇಣು ಆಳ. ಇಂಚಿನಲ್ಲಿ ಬೇಕಿದ್ದರೆ ಹಾವೇರಿಯವರನ್ನು ಕೇಳಿ.

ಕಟ್ಟಿಗೆ ಕೆಲಸ, ಹಾವೇರಿ

13, 14 ಇಂಚು ಆಗುತ್ತದೆ ಅಕ್ಕಾರೆ. ನನ್ನ ಪೆಟ್ಟಿಗೆಯ ಅಳತೆಯೇ!